ಉದ್ಯಮಗಳಲ್ಲಿ ಅಪಘಾತ ಮತ್ತು ವೃತ್ತಿಜನ್ಯ ರೋಗಗಳ ಪ್ರಮಾಣ: ಎಣಿಕೆಯನ್ನು ಕುರಿತ ಕೆಲವು ವಿಚಾರಗಳು

ಕೆಲಸಗಾರನ ಮೈಗೆ ಹೆಚ್ಚು ಅಪಾಯಕರವಾದ ಉದ್ಯಮ ಯಾವುದೆಂದು ಕೇಳಿದರೆ ಬಹುಮಂದಿ ಗಣಿಗಾರಿಕೆಯೆಂದೇ ಉತ್ತರ ಕೊಡುವರು. ನೆಲದಡಿಯ ಕತ್ತಲೆ, ಕುಸಿಯುವ ಬಂಡೆ, ಸಿಡಿಮದ್ದು ಇವುಗಳ ಚಿತ್ರ ಎಲ್ಲರ ಮನಸ್ಸಿನಲ್ಲಿಯೂ ಇದೆ. ಆಸ್ಪತ್ರೆಯ ದಾದಿಯ ಕೆಲಸವನ್ನು ಗಣಿಯ ಕೆಲಸದ ಪಕ್ಕದಲ್ಲಿಟ್ಟು ಹೋಲಿಸಲು ಯಾರಿಗೂ ತೋಚುವುದಿಲ್ಲ. ಹೀಗಿರುವಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಾರ್ಮಿಕ ಅಂಕಿ-ಅಂಶ ಇಲಾಖೆ 2019ನೆಯ ವರ್ಷಕ್ಕೆ ಪ್ರಕಟಿಸಿದ ಕೋಷ್ಟಕವನ್ನು ಮೊದಲ ಸಲ ನೋಡುವ ವಿದ್ಯಾರ್ಥಿಗೆ ಆಶ್ಚರ್ಯವಾಗದಿರದು. ಪೂರ್ಣಾವಧಿಯ 100 ಮಂದಿ ಕೆಲಸಗಾರರಿಗೆ ವರ್ಷವೊಂದಕ್ಕೆ ಸಂಭವಿಸಿದ ಗಾಯ ಮತ್ತು ರೋಗಗಳ ಪ್ರಮಾಣ ಕಟ್ಟಡ ನಿರ್ಮಾಣದಲ್ಲಿ 2.8, ತಯಾರಿಕೆಯಲ್ಲಿ 3.3, ಆರೋಗ್ಯ ಮತ್ತು ಸಮಾಜ ಸೇವೆಯಲ್ಲಿ 3.8. ಗಣಿಗಾರಿಕೆಯಲ್ಲಾದರೋ ಅದು 1.5ನ್ನು ಮೀರಿರಲಿಲ್ಲ. ಈ ಅಂಕಿಗಳನ್ನಷ್ಟೇ ನಂಬಿದರೆ ರೋಗಿಯನ್ನು ಹಾಸಿಗೆಯಿಂದೆತ್ತಿ ಕೂರಿಸುವ ದಾದಿಗಿಂತ ಗಣಿಗಾರನೇ ಹೆಚ್ಚು ಕ್ಷೇಮಿ ಎನ್ನಬೇಕಾಗುತ್ತದೆ.

ಅದೇ ವರ್ಷದ ಮರಣಗಳ ಕೋಷ್ಟಕವನ್ನು ತೆರೆದರೆ ಚಿತ್ರ ತಲೆಕೆಳಗಾಗುತ್ತದೆ. ಲಕ್ಷ ಮಂದಿಗೆ ಸತ್ತವರು ಎಲ್ಲ ಉದ್ಯಮಗಳ ಸರಾಸರಿಯಲ್ಲಿ 3.5, ಕಟ್ಟಡ ನಿರ್ಮಾಣದಲ್ಲಿ 9.7, ಗಣಿಗಾರಿಕೆಯಲ್ಲಿ 14.6, ವ್ಯವಸಾಯ, ಅರಣ್ಯ ಮತ್ತು ಮೀನುಗಾರಿಕೆಗಳಲ್ಲಿ 23.1. ದಾದಿಯ ಸೊಂಟ ಉಳುಕುತ್ತದೆ, ಸೂಜಿ ಚುಚ್ಚುತ್ತದೆ, ಒದ್ದೆ ನೆಲದಲ್ಲಿ ಕಾಲು ಜಾರುತ್ತದೆ, ಕೆಲವೊಮ್ಮೆ ರೋಗಿಯೇ ಹೊಡೆಯುವುದೂ ಉಂಟು. ಆದರೆ ಪ್ರಾಣ ಹೋಗುವುದು ಅಪರೂಪ. ಗಣಿಯಲ್ಲಿ ಒಮ್ಮೆ ತಪ್ಪಿದರೆ ಅದೇ ಕಡೆಯ ತಪ್ಪು. ಎರಡು ಕೋಷ್ಟಕಗಳೂ ಸತ್ಯವೇ. 'ಅಪಾಯ' ಎಂಬ ಒಂದೇ ಮಾತಿನಲ್ಲಿ ನಾವು ಹಲವು ಬೇರೆ ಬೇರೆ ಸಂಗತಿಗಳನ್ನು ಅಡಕಿಸಿರುವುದೇ ಗೊಂದಲಕ್ಕೆ ಕಾರಣ. ಪ್ರಮಾಣವೆಂಬುದು ಹೇಗೆ ಸಿದ್ಧವಾಗುತ್ತದೆ, ಅದರೊಳಗೆ ಯಾರು ಸೇರುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪ್ರಮಾಣವೆಂದರೆ ಒಂದು ಭಿನ್ನರಾಶಿ. ಮೇಲಿನ ಅಂಶ ಗಾಯಗಳ ಸಂಖ್ಯೆ. ಕೆಳಗಿನ ಛೇದ ಆ ಅಪಾಯಕ್ಕೆ ಒಡ್ಡಿಕೊಂಡವರ ಸಂಖ್ಯೆ. ಛೇದವನ್ನು ಬರಿಯ ತಲೆಗಳಿಂದ ಎಣಿಸಿದರೆ ಏನಾಗುವುದೆಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ಸಾಕು. 500 ಮಂದಿ ದುಡಿಯುವ ಕಾರ್ಖಾನೆಯೊಂದರಲ್ಲಿ ವರ್ಷಕ್ಕೆ 20 ಮಂದಿಗೆ ಗಾಯವಾಯಿತೆನ್ನೋಣ. ಸಾವಿರಕ್ಕೆ 40 ಆಯಿತು. ಇಷ್ಟೇ ಜನ, ಇಷ್ಟೇ ಗಾಯಗಳಿರುವ ಇನ್ನೊಂದು ಕಾರ್ಖಾನೆಗೂ ಪ್ರಮಾಣ ಅದೇ. ಆದರೆ ಮೊದಲನೆಯದರಲ್ಲಿ ದಿನಕ್ಕೆ 8 ಗಂಟೆ, ಎರಡನೆಯದರಲ್ಲಿ 12 ಗಂಟೆ ಕೆಲಸ ನಡೆಯುತ್ತಿದ್ದರೆ, 300 ದಿನಗಳ ವರ್ಷದಲ್ಲಿ ಒಂದು ಕಡೆ 12,00,000 ಗಂಟೆಗಳೂ ಇನ್ನೊಂದು ಕಡೆ 18,00,000 ಗಂಟೆಗಳೂ ದುಡಿಮೆ ನಡೆದಂತಾಯಿತು. ಹತ್ತು ಲಕ್ಷ ಗಂಟೆಗಳಿಗೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ 16.7, ಎರಡನೆಯದರಲ್ಲಿ 11.1 ಗಾಯಗಳು. ಹತ್ತು ಲಕ್ಷ ಗಂಟೆಗಳ ಈ ಪ್ರಮಾಣಕ್ಕೆ ಆವರ್ತನ ದರವೆಂದು ಹೆಸರು. ಅಮೆರಿಕದವರು 2,00,000 ಗಂಟೆಗಳನ್ನು, ಎಂದರೆ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿಯುವ 100 ಮಂದಿಯ ಕಾಲವನ್ನು, ಅಳತೆಯಾಗಿ ಇಟ್ಟುಕೊಂಡಿದ್ದಾರೆ. ದೇಶದೇಶಗಳ ಅಂಕಿಗಳನ್ನು ಹೋಲಿಸುವವರು ಮೊದಲು ಈ ಛೇದವನ್ನು ನೋಡಿಕೊಳ್ಳಬೇಕು.

ಗಾಯಗಳೆಲ್ಲ ಒಂದೇ ತೂಕದವಲ್ಲವಾದ್ದರಿಂದ ತೀವ್ರತೆಯ ದರವೆಂಬ ಇನ್ನೊಂದು ಅಳತೆಯೂ ಬಳಕೆಯಲ್ಲಿದೆ. ಅದರಲ್ಲಿ ನಷ್ಟವಾದ ಕೆಲಸದ ದಿನಗಳನ್ನು ಎಣಿಸುತ್ತಾರೆ. ಬೆರಳು ಜಜ್ಜಿದವನಿಗೆ ಹತ್ತು ದಿನ, ಕಾಲು ಮುರಿದವನಿಗೆ ಅರುವತ್ತು ದಿನ. ಹಾಗಾದರೆ ಸತ್ತವನಿಗೆ ಎಷ್ಟು? ಭಾರತೀಯ ಮಾನಕ ಐ.ಎಸ್. 3786ರಲ್ಲಿ ಒಂದು ಸಾವಿಗೆ 6,000 ದಿನಗಳೆಂದು ನಿಗದಿಯಾಗಿದೆ. ವರ್ಷಕ್ಕೆ 300 ದಿನದಂತೆ ಇಪ್ಪತ್ತು ವರ್ಷಗಳ ದುಡಿಮೆಗೆ ಇದು ಸಮ. ಹದಿನೆಂಟರ ಹುಡುಗ ಸತ್ತರೂ ಐವತ್ತೇಳರ ಹಿರಿಯ ಸತ್ತರೂ ಲೆಕ್ಕ ಇದೇ. ಹೋಲಿಕೆಯ ಅನುಕೂಲಕ್ಕಾಗಿ ಮಾಡಿಕೊಂಡ ಒಪ್ಪಂದವಿದು ಎಂಬುದನ್ನು ನಾವು ಮರೆಯಬಾರದು; ಮರೆತವರು ಬಹಳ ಮಂದಿ.

ಛೇದದ ತೊಡಕು ಇಷ್ಟಾದರೆ ಅಂಶದ ತೊಡಕು ಇನ್ನೂ ದೊಡ್ಡದು. ಗಾಯವೆಂದು ಯಾವುದನ್ನು ಕರೆಯಬೇಕು? ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯ ಪ್ರಕಾರ ಕೆಲಸಗಾರನು 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಬಾರದಂತಾದರೆ ಅಂಥ ಅಪಘಾತವನ್ನು ತನಿಖಾಧಿಕಾರಿಗೆ ತಿಳಿಸಬೇಕಾಗಿತ್ತು. ಗಣಿಗಳಿಗೆ ಸಂಬಂಧಿಸಿದ 1952ರ ಕಾಯಿದೆಯಲ್ಲಿ ಈ ಗಡುವು 72 ಗಂಟೆ. ಅಂತೂ ಎರಡನೆಯ ದಿನವೇ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಬಾಗಿಲ ಬಳಿ ಕುಳಿತವನು ಲೆಕ್ಕಕ್ಕೆ ಸೇರಲಿಲ್ಲ. ದಿನಗೂಲಿಯ ಮೇಲೆ ಬದುಕುವವನು ಬೇಗ ಬಂದೇ ಬರುತ್ತಾನೆ. ಇದಲ್ಲದೆ, ವಿದ್ಯುಚ್ಛಕ್ತಿ ಬಳಸುವಲ್ಲಿ 10, ಬಳಸದಿರುವಲ್ಲಿ 20 ಮಂದಿಗಿಂತ ಕಡಿಮೆ ಜನರಿದ್ದ ಜಾಗ ಆ ಕಾಯಿದೆಯ ದೃಷ್ಟಿಯಲ್ಲಿ ಸಾಮಾನ್ಯವಾಗಿ ಕಾರ್ಖಾನೆಯೇ ಆಗಿರಲಿಲ್ಲ. 2020ರಲ್ಲಿ ಅಂಗೀಕೃತವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಈ ಸಂಖ್ಯೆಗಳನ್ನು ಅನುಕ್ರಮವಾಗಿ 20ಕ್ಕೂ 40ಕ್ಕೂ ಏರಿಸಿದೆ. ಹದಿನೈದು ಮಂದಿ ದುಡಿಯುವ ಲೇತ್ ಕಾರ್ಯಾಗಾರದ ಗತಿಯೇನೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಎಣಿಕೆ ಎಷ್ಟರಮಟ್ಟಿಗೆ ಸರಿಯಾಗಿದೆ ಎಂಬುದನ್ನು ಪರೀಕ್ಷಿಸಲು ಒಂದು ಸುಲಭವಾದ ಉಪಾಯವುಂಟು. ಸಾವನ್ನು ಮರೆಮಾಚುವುದು ಕಷ್ಟ, ಗಾಯವನ್ನು ಮರೆಮಾಚುವುದು ಸುಲಭ. ಆದಕಾರಣ ಒಂದು ಸಾವಿಗೆ ಎಷ್ಟು ಗಾಯಗಳು ದಾಖಲಾಗಿವೆ ಎಂದು ನೋಡಬೇಕು. ಅಮೆರಿಕದಲ್ಲಿ 2019ರಲ್ಲಿ ಸತ್ತವರು 5,333 ಮಂದಿ. ಖಾಸಗಿ ಉದ್ಯಮಗಳಲ್ಲಿ ಗಾಯ ಅಥವಾ ರೋಗದಿಂದ ಕನಿಷ್ಠ ಒಂದು ದಿನ ಕೆಲಸ ತಪ್ಪಿದ ಪ್ರಸಂಗಗಳು ಸುಮಾರು 8,88,000. ಎರಡು ಎಣಿಕೆಗಳ ವ್ಯಾಪ್ತಿ ಪೂರ್ತಿ ಒಂದೇ ಅಲ್ಲವಾದರೂ ಸ್ಥೂಲವಾಗಿ ಒಂದು ಸಾವಿಗೆ 165 ಪ್ರಸಂಗಗಳೆನ್ನಬಹುದು. ಭಾರತದ ನೋಂದಾಯಿತ ಕಾರ್ಖಾನೆಗಳಲ್ಲಿ 2017ರಿಂದ 2020ರವರೆಗೆ ದಾಖಲಾದ ಅಂಕಿಗಳ ಸರಾಸರಿಯಂತೆ ದಿನಕ್ಕೆ 3 ಸಾವುಗಳು, 11 ಗಾಯಗಳು. ಎಂದರೆ ಒಂದು ಸಾವಿಗೆ ನಾಲ್ಕು ಗಾಯಗಳೂ ಇಲ್ಲ. ನಮ್ಮಲ್ಲಿ ಗಡುವು 48 ಗಂಟೆಯೆಂಬ ವ್ಯತ್ಯಾಸವನ್ನು ಬೇಕಾದಷ್ಟು ಉದಾರವಾಗಿ ಕಳೆದರೂ ಈ ಅಂತರ ತುಂಬುವುದಿಲ್ಲ. ನಮ್ಮ ಯಂತ್ರಗಳು ಕೊಲ್ಲುವುದನ್ನು ಮಾತ್ರ ಬಲ್ಲವು, ಗಾಯಗೊಳಿಸುವುದನ್ನು ಅರಿಯವು ಎಂದು ನಂಬುವವರು ಯಾರೂ ಇರಲಾರರು. ಕಾಣೆಯಾಗಿರುವುದು ಗಾಯಗಳಲ್ಲ, ದಾಖಲೆ.

ಅಪಘಾತಕ್ಕೆ ಗಳಿಗೆಯುಂಟು, ಜಾಗವುಂಟು, ನೋಡಿದವರುಂಟು. ರೋಗಕ್ಕೆ ಇವು ಯಾವುವೂ ಇಲ್ಲ. ಇಟಲಿಯ ಮೋಡೆನಾದ ವೈದ್ಯ ಬೆರ್ನಾರ್ಡಿನೋ ರಾಮಾಜ್ಜಿನಿ 1700ರಲ್ಲಿ ಕಸಬುದಾರರ ರೋಗಗಳನ್ನು ಕುರಿತು ಗ್ರಂಥ ಬರೆದಾಗ, ರೋಗಿಯನ್ನು ಅವನ ಕಸಬು ಯಾವುದೆಂದೂ ಕೇಳಬೇಕೆಂದು ತನ್ನ ಸಹವೈದ್ಯರಿಗೆ ಸಲಹೆಯಿತ್ತನು. ಮೂರು ಶತಮಾನಗಳಾದರೂ ಈ ಒಂದು ಪ್ರಶ್ನೆ ನಮ್ಮ ಅನೇಕ ಆಸ್ಪತ್ರೆಗಳ ಚೀಟಿಯಲ್ಲಿ ಜಾಗ ಪಡೆದಿಲ್ಲ.

ಈ ವಿಷಯದಲ್ಲಿ ಕೋಲಾರದ ಚಿನ್ನದ ಗಣಿಗಳಷ್ಟು ಬೋಧಪ್ರದವಾದ ನಿದರ್ಶನ ಬೇರೊಂದಿಲ್ಲ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯವರ ಆಡಳಿತದಲ್ಲಿ ಬೆಳೆದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಲೋಕಪ್ರಸಿದ್ಧವಾಯಿತು. ಅಷ್ಟು ಆಳದಲ್ಲಿ ಮೇಲಿನ ಭಾರಕ್ಕೆ ಸಿಲುಕಿದ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಶಿಲಾಸ್ಫೋಟವೆನ್ನುವ ಈ ಘಟನೆಯ ಅದುರು ನೆಲದ ಮೇಲಿನ ಮನೆಗಳಿಗೂ ತಿಳಿಯುತ್ತಿತ್ತು. ಅದರಲ್ಲಿ ಸತ್ತವರ ಎಣಿಕೆ ನಡೆಯಿತು, ವಿಚಾರಣೆ ನಡೆಯಿತು, ವರದಿಗಳು ಬಂದವು. ಆದರೆ ಅದೇ ಸುರಂಗಗಳಲ್ಲಿ ಸದ್ದಿಲ್ಲದ ಇನ್ನೊಂದು ಕಾರ್ಯವೂ ನಡೆದಿತ್ತು. ಚಿನ್ನವಿರುವುದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಬೆಣಚನ್ನು ಕೊರೆದಾಗ, ಸಿಡಿಸಿದಾಗ ಏಳುವ ಧೂಳಿನ ಅತಿಸೂಕ್ಷ್ಮ ಕಣಗಳು ಮೂಗು ಗಂಟಲುಗಳನ್ನು ದಾಟಿ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳನ್ನು ಸೇರುತ್ತವೆ. ಅವನ್ನು ನುಂಗಲು ಬಂದ ಜೀವಕೋಶಗಳು ತಾವೇ ಸಾಯುತ್ತವೆ. ಆ ಸ್ಥಳದಲ್ಲಿ ನಾರಿನ ಗಂಟುಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್. ಹತ್ತಾರು ವರ್ಷಗಳಲ್ಲಿ ಉಸಿರು ಗಿಡ್ಡವಾಗುತ್ತದೆ, ಕ್ಷಯ ಸುಲಭವಾಗಿ ಹಿಡಿಯುತ್ತದೆ. ಗುಣಪಡಿಸುವ ಔಷಧವಿಲ್ಲ, ಧೂಳಿನಿಂದ ದೂರವಾದ ಮೇಲೂ ರೋಗ ಮುಂದುವರಿಯಬಲ್ಲದು.

ಗಣಿ ತೆರೆದು ಸುಮಾರು ಅರುವತ್ತು ವರ್ಷ ಕಳೆಯುವವರೆಗೆ ಕೋಲಾರದ ಅಂಕಿ-ಅಂಶಗಳಲ್ಲಿ ಸಿಲಿಕೋಸಿಸ್‌ಗೆ ಹೇಳಿಕೊಳ್ಳುವಂಥ ಜಾಗವಿರಲಿಲ್ಲ. 1940ರ ದಶಕದಲ್ಲಿ ಕ್ಷ-ಕಿರಣದ ನೆರವಿನಿಂದ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರ ಪರೀಕ್ಷೆ ನಡೆಯಿತು. 1947ರಲ್ಲಿ ಪ್ರಕಟವಾದ ಫಲಿತಾಂಶದಂತೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಕಾಣಿಸಿತು. ಆ ಹಿಂದಿನ ವರ್ಷ ರೋಗ ಅಷ್ಟು ಕಡಿಮೆಯಿದ್ದು ಒಮ್ಮೆಲೇ ಏರಿತೆ? ಇಲ್ಲ, ಹುಡುಕಿದವರಿಗೆ ಸಿಕ್ಕಿತು, ಅಷ್ಟೆ. ಪರೀಕ್ಷಿಸಿದ್ದು ಕೆಲಸದಲ್ಲಿ ಇನ್ನೂ ಉಳಿದಿದ್ದವರನ್ನು ಎಂಬುದನ್ನೂ ಗಮನಿಸಬೇಕು. ಆ ಗಣಿಗಳಿಗೆ ಜನ ಬಂದದ್ದು ಬಹುಪಾಲು ತಮಿಳು, ತೆಲುಗು ಜಿಲ್ಲೆಗಳ ಹಳ್ಳಿಗಳಿಂದ. ಎದೆ ಕೆಟ್ಟು ಊರಿಗೆ ಮರಳಿದವನು ಅಲ್ಲಿ ಸತ್ತರೆ ಗ್ರಾಮದ ಲೆಕ್ಕದಲ್ಲಿ ಅದು ಕ್ಷಯವೋ ಕೆಮ್ಮೋ ಆಗಬಹುದಿತ್ತೇ ಹೊರತು ಗಣಿಯ ಲೆಕ್ಕಕ್ಕೆ ಬರುವ ದಾರಿಯಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಲ್ಲಿಂದ ಮುಂದೆ ಛೇದವೇ ಇಲ್ಲವಾದ್ದರಿಂದ ಪ್ರಮಾಣವನ್ನು ಲೆಕ್ಕ ಹಾಕುವ ಮಾತೂ ಇಲ್ಲ. ಆದರೆ ಅಲ್ಲಿ ದುಡಿದವರ ಎದೆಯೊಳಗಿನ ಗಂಟುಗಳಿಗೆ ಆ ದಿನಾಂಕ ಗೊತ್ತಿರುವುದಿಲ್ಲ.

ಇದೇ ಬೆಣಚಿನ ಧೂಳು ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಬಳಪದ ಕಡ್ಡಿಗಳನ್ನು ಕೊಯ್ಯುವ ಸಣ್ಣ ಕಾರ್ಯಾಗಾರಗಳಲ್ಲಿಯೂ ಇತ್ತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿಪರ ಆರೋಗ್ಯ ಸಂಸ್ಥೆಯವರು 1985ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸಗಾರರಿಗೆ ಸಿಲಿಕೋಸಿಸ್ ಇತ್ತು. ನಮ್ಮಲ್ಲಿ ಅನೇಕರು ಓನಾಮ ತಿದ್ದಿದ್ದು ಅಂಥ ಬಳಪದಿಂದಲೇ. ಮೂರು ಕಿಲೋಮೀಟರು ಆಳದ ಗಣಿಗಿಂತ ಒಂದು ಕೋಣೆಯ ಕಾರ್ಯಾಗಾರ ಶ್ವಾಸಕೋಶಕ್ಕೆ ಹೆಚ್ಚು ಕ್ರೂರವಾಗಿರಬಲ್ಲದು. ಉದ್ಯಮದ ಹೆಸರನ್ನು ನೋಡಿ ಅಪಾಯವನ್ನು ಅಳೆಯುವವರಿಗೆ ಇದು ತಿಳಿಯುವುದಿಲ್ಲ.

ಹತ್ತಿ ಗಿರಣಿಯ ರೋಗದ ಪರಿಯೇ ಬೇರೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್‌ನಲ್ಲಿ ಭಾನುವಾರದ ಬಿಡುವಿನ ಬಳಿಕ ಸೋಮವಾರ ಎದೆ ಬಿಗಿಯುತ್ತದೆ. ಮೊದಮೊದಲು ವಾರ ಕಳೆದಂತೆ ಇಳಿಯುತ್ತದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯ ಈ ಸೋಮವಾರದ ಲಕ್ಷಣವನ್ನೇ ಆಧರಿಸಿ ರೋಗದ ಮಟ್ಟಗಳನ್ನು ವಿಂಗಡಿಸಿದನು. ದಾವಣಗೆರೆ, ಹುಬ್ಬಳ್ಳಿಗಳ ಗಿರಣಿ ಬದುಕನ್ನು ಬಲ್ಲವರಿಗೆ ಇದರ ಅರ್ಥ ಬೇಗ ಹೊಳೆದೀತು. ಗುರುವಾರ ಬಂದು ಪರೀಕ್ಷೆ ಮಾಡಿ ಹೋಗುವ ವೈದ್ಯನಿಗೆ ಗಿರಣಿಯ ಜನ ಆರೋಗ್ಯವಂತರಾಗಿಯೇ ಕಂಡಾರು.

ಇನ್ನೊಂದು ಸೂಕ್ಷ್ಮವುಂಟು. 1885ರಲ್ಲಿ ಇಂಗ್ಲೆಂಡಿನ ವೃತ್ತಿವಾರು ಮರಣಗಳನ್ನು ಪರಿಶೀಲಿಸಿದ ವಿಲಿಯಂ ಓಗಲ್ ಗುರುತಿಸಿದಂತೆ, ಕಷ್ಟದ ಕೆಲಸಗಳಿಗೆ ಗಟ್ಟಿಮುಟ್ಟಾದವರೇ ಸೇರುತ್ತಾರೆ. ಬಲಗುಂದಿದವರು ಬಿಟ್ಟು ಹಗುರವಾದ ಕಸಬು ಹಿಡಿಯುತ್ತಾರೆ. ಇದರಿಂದ ಕಷ್ಟದ ಕಸಬು ಆರೋಗ್ಯಕರವೆಂದೂ ಹಗುರವಾದ ಕಸಬು ಮಾರಕವೆಂದೂ ಕೋಷ್ಟಕದಲ್ಲಿ ತೋರಬಹುದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2023ರಲ್ಲಿ ಮಾಡಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ದುಡಿಮೆಯ ಕಾರಣದಿಂದ ಸಾಯುವವರು ಸುಮಾರು 29.3 ಲಕ್ಷ ಮಂದಿ. ಅವರಲ್ಲಿ ಅಪಘಾತಗಳಿಂದ ಸತ್ತವರು 3.3 ಲಕ್ಷ; ಉಳಿದ ಸುಮಾರು 26 ಲಕ್ಷ ಮಂದಿ ರೋಗಗಳಿಂದ. ಕಾರ್ಖಾನೆಯ ಗೋಡೆಯ ಮೇಲೆ ಅಪಘಾತವಿಲ್ಲದೆ ಕಳೆದ ದಿನಗಳ ಸಂಖ್ಯೆಯನ್ನು ಬರೆದ ಹಲಗೆಯನ್ನು ನಾವೆಲ್ಲ ನೋಡಿದ್ದೇವೆ. ಅದು ಎಣಿಸುವುದು ಈ ಮೊತ್ತದ ಒಂಬತ್ತರಲ್ಲೊಂದು ಪಾಲನ್ನು ಮಾತ್ರ.

ಇಷ್ಟೆಲ್ಲ ಹೇಳಿದರೂ ನಾವು ಕಾರ್ಖಾನೆ ಮತ್ತು ಗಣಿಗಳ ಬೇಲಿಯೊಳಗೇ ಇದ್ದೇವೆ. ಭಾರತದ ದುಡಿಯುವ ಜನರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ವ್ಯವಸಾಯದಲ್ಲಿದ್ದಾರೆ. ಒಕ್ಕಣೆಯ ಯಂತ್ರಕ್ಕೆ ಕೈ ಕೊಟ್ಟವರು ಹೆಚ್ಚಾದ್ದರಿಂದ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕಾಗಿ ಕಾಯಿದೆಯೊಂದು ಬಂದಿತು. ಆದರೆ ಹೊಲದ ಗಾಯಗಳನ್ನು ಕ್ರಮವಾಗಿ ಬರೆದಿಡುವ ಪುಸ್ತಕ ಯಾವ ಕಚೇರಿಯಲ್ಲಿಯೂ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುವವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಅದು ವೈದ್ಯರಿಗೆ ಸಾಂಕ್ರಾಮಿಕ ರೋಗ. ಕಾಡಿಗೆ ಹೋದ ಹೆಂಗಸಿಗಾದರೋ ಕೆಲಸದಿಂದ ಬಂದ ರೋಗ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸತ್ತ ಸಾವಿರಾರು ಮಂದಿ ಕಾರ್ಖಾನೆಯ ಗೋಡೆಯಾಚೆ ಮಲಗಿದ್ದವರು. ಕಾರ್ಮಿಕ ಅಪಘಾತಗಳ ಪ್ರಮಾಣದಲ್ಲಿ ಅವರಿಗೆ ಸ್ಥಾನವಿಲ್ಲ.

ದಾಖಲೆಯ ವಿಷಯದಲ್ಲಿ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಕಲ್ನಾರಿನ ಧೂಳಿನಿಂದ ಬರುವ ಕ್ಯಾನ್ಸರ್ ತಲೆದೋರಲು ಇಪ್ಪತ್ತರಿಂದ ನಲವತ್ತು ವರ್ಷಗಳು ಹಿಡಿಯಬಹುದು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲ್ನಾರು ಉದ್ಯಮಗಳು ಪ್ರತಿಯೊಬ್ಬ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ನಿವೃತ್ತಿಯ ಅನಂತರ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಟ್ಟಿರಬೇಕೆಂದು ವಿಧಿಸಿತು. ಆ ವರ್ಷ ಕೆಲಸಕ್ಕೆ ಸೇರಿದ ಇಪ್ಪತ್ತರ ಯುವಕನ ಕಡತ 2035ರವರೆಗಾದರೂ ಎಲ್ಲಿಯಾದರೂ ಇರಲೇಬೇಕು. ಜಿಲ್ಲೆಯೊಂದರಲ್ಲಿ ಅಂಥ ಕಡತಗಳು ಎಷ್ಟಿವೆ, ಯಾರ ವಶದಲ್ಲಿವೆ ಎಂಬುದನ್ನು ಸಂಶೋಧನ ವಿದ್ಯಾರ್ಥಿಯೊಬ್ಬನು ಒಂದು ವರ್ಷದ ಅವಧಿಯಲ್ಲಿ ಪತ್ತೆಮಾಡಬಲ್ಲನು.