ಮಧುಮೇಹಿಯ ಪಾದಯಾತ್ರೆ

ಯುಗಾದಿ ಸಮೀಪಿಸಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಅನೇಕ ಭಕ್ತರು ಮಲ್ಲಯ್ಯನ ದರ್ಶನಕ್ಕೆ ಶ್ರೀಶೈಲದತ್ತ ಕಾಲ್ನಡಿಗೆಯಲ್ಲಿ ಹೊರಡುವರು. ನೂರಾರು ಕಿಲೋಮೀಟರುಗಳ ಈ ಹಾದಿಯನ್ನು ಮಧುಮೇಹಿಯು ತುಳಿಯಬಹುದೇ?

ನಡಿಗೆಯು ಅವನಿಗೆ ಔಷಧವೇ ಸರಿ. ದುಡಿಯುವ ಸ್ನಾಯುವು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು. ಅಪಾಯವೂ ಅಲ್ಲಿಯೇ ಅಡಗಿದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಂಡು ದಿನವಿಡೀ ನಡೆದರೆ ಸಕ್ಕರೆಯು ಮಿತಿಮೀರಿ ಇಳಿಯಬಹುದು; ಬೆವರು, ನಡುಕ, ಕಣ್ಕತ್ತಲೆ ಅದರ ಸೂಚನೆಗಳು. ಆಗ ಜೇಬಿನಲ್ಲಿರುವ ಸಕ್ಕರೆಯೇ ಪ್ರಾಣರಕ್ಷಕ.

ಎರಡನೆಯ ಅಪಾಯ ಪಾದದ್ದು. ಬಹುಕಾಲದ ಮಧುಮೇಹವು ನರಗಳನ್ನು ಕುಂದಿಸಿದ್ದರೆ ಕಾಲಿನ ಬೊಬ್ಬೆಯ ನೋವಾಗಲಿ, ಸುಡುವ ಡಾಂಬರು ರಸ್ತೆಯ ಕಾವಾಗಲಿ ಅರಿವಿಗೆ ಬಾರದು. ನೋವೆಂಬ ಕಾವಲುಗಾರನು ಮಲಗಿರುವಲ್ಲಿ ಕಣ್ಣೇ ಎಚ್ಚರವಾಗಿರಬೇಕು. ಆದುದರಿಂದ ಯಾತ್ರಿಕನು ವೈದ್ಯರ ಸಲಹೆ ಪಡೆದು, ಪಾದರಕ್ಷೆ ಧರಿಸಿ, ಪ್ರತಿ ತಂಗುದಾಣದಲ್ಲಿಯೂ ಅಂಗಾಲನ್ನು ಪರೀಕ್ಷಿಸಿಕೊಳ್ಳಲಿ.