ಹೈಫಾದ ಕಾಳಗವೂ ವಿದ್ಯಾರ್ಥಿಯ ಸಂಕಲ್ಪವೂ

ಪ್ರೌಢಶಾಲೆಯ ಸಮಾಜವಿಜ್ಞಾನದ ಉಪಾಧ್ಯಾಯರು ಮೊದಲನೆಯ ಮಹಾಯುದ್ಧವೆಂದೋ ಎರಡನೆಯ ಮಹಾಯುದ್ಧವೆಂದೋ ಒಂದು ಶೀರ್ಷಿಕೆಯನ್ನು ಹೇಳಿ, ಅದನ್ನು ಕುರಿತು ಯೋಜನಾಕಾರ್ಯವೊಂದನ್ನು ಸಿದ್ಧಪಡಿಸಿಕೊಂಡು ಬನ್ನಿರೆಂದು ಅಪ್ಪಣೆಕೊಟ್ಟ ದಿನದ ಸಂಜೆಯೇ, ಊರಿನ ಪುಸ್ತಕದಂಗಡಿಯಲ್ಲಿ ಚಾರ್ಟ್ ಹಾಳೆಗೂ ಸ್ಕೆಚ್ ಪೆನ್ನಿಗೂ, ಹಿಟ್ಲರ್ ಮುಸೊಲಿನಿ ಚರ್ಚಿಲರ ಮುಖಗಳನ್ನು ಸಾಲಾಗಿ ಅಚ್ಚುಹಾಕಿದ ಚಿತ್ರಪಟಕ್ಕೂ ಗಿರಾಕಿ ಹೆಚ್ಚುವುದನ್ನು ಮಕ್ಕಳುಳ್ಳವರೆಲ್ಲರೂ ಬಲ್ಲರು. ಚಿತ್ರಗಳನ್ನು ಕತ್ತರಿಸಿ ಅಂಟಿಸಿ, ಅವುಗಳ ಕೆಳಗೆ ಗೈಡಿನಿಂದಲೋ ಅಂತರ್ಜಾಲದಿಂದಲೋ ಇಳಿಸಿಕೊಂಡ ಎರಡು ಪುಟಗಳನ್ನು ದುಂಡಕ್ಷರದಲ್ಲಿ ಬರೆದು, ಸುತ್ತಲೂ ಬಣ್ಣದ ಅಂಚನ್ನೆಳೆದು ಒಪ್ಪಿಸಿದರೆ ಅಂಕಗಳೂ ದೊರೆಯುತ್ತವೆ. ಆದರೆ ಕೋಟ್ಯಂತರ ಜನರ ಪ್ರಾಣಹರಣಮಾಡಿದ ಮಹಾದುರಂತವೊಂದರ ಸಮೀಪಕ್ಕೆ ಹೋಗಿಬಂದ ಮಗುವಿನ ಮನಸ್ಸಿನಲ್ಲಿ ಅದರಿಂದ ಒಂದು ಗೆರೆಯೂ ಮೂಡದೆ ಹೋದರೆ, ಆ ಅಂಕಗಳಿಂದ ಆದ ಲಾಭವಾದರೂ ಏನು? ಇದರಲ್ಲಿ ಮಗುವಿನ ದೋಷವಿದೆಯೆಂದು ನಾನು ಎಣಿಸುವುದಿಲ್ಲ. ನಾವು ಅದಕ್ಕೆ ವಿಷಯವನ್ನು ಕೊಟ್ಟೆವೇ ಹೊರತು, ಈ ವಿಷಯದಿಂದ ತನಗೆ ಏನು ಬೇಕು ಎಂಬುದನ್ನು ಅದರ ಕೈಯಿಂದಲೇ ಮೊದಲು ಬರೆಯಿಸಲಿಲ್ಲ.

ವಾಸ್ತವವಾಗಿ ನೋಡಿದರೆ, ಶಾಲೆಯಲ್ಲಿ ಇಂತಹ ಯೋಜನೆಗಳನ್ನು ಮಾಡಿಸಬೇಕೆಂದು ವಾದಿಸಿದ ಹಿರಿಯರು ಮೊಟ್ಟಮೊದಲು ಒತ್ತಿಹೇಳಿದ್ದು ಈ ಮಾತನ್ನೇ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಾಪಕ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ಕರು 1918ರ ಸೆಪ್ಟೆಂಬರ್ ತಿಂಗಳಲ್ಲಿ ಯೋಜನಾ ಪದ್ಧತಿಯನ್ನು ಕುರಿತು ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ತಿರುಳು ಇಷ್ಟು: ಕೈಕೆಲಸವಿದ್ದ ಮಾತ್ರಕ್ಕೆ ಒಂದು ಕಾರ್ಯವು ಯೋಜನೆಯಾಗಲಾರದು, ಅದನ್ನು ಮಾಡತಕ್ಕ ಮಗುವು ತಾನೇ ಒಪ್ಪಿ, ತನ್ನದೆಂದು ಭಾವಿಸಿ, ಮನಃಪೂರ್ವಕವಾಗಿ ಹಿಡಿದ ಉದ್ದೇಶವೊಂದು ಅದರ ಹಿಂದೆ ಇರಬೇಕು. ಆ ಉದ್ದೇಶವು ಲೋಪವಾದಲ್ಲಿ ಉಳಿಯುವುದು ಕತ್ತರಿಯೂ ಅಂಟೂ ಮಾತ್ರ. ಕಲಿಕೆಯ ಗುರಿಯೆಂದು ಇಂದಿನ ಶಿಕ್ಷಣಶಾಸ್ತ್ರದವರು ಕರೆಯುವುದನ್ನು ನಮ್ಮ ಹಿರಿಯರು ವ್ರತಕ್ಕೂ ಪೂಜೆಗೂ ಮುಂಚೆ ಮಾಡುತ್ತಿದ್ದ ಸಂಕಲ್ಪಕ್ಕೆ ಹೋಲಿಸಬಹುದು; ಯಾವ ದೇಶ, ಯಾವ ಕಾಲ, ಯಾರು, ಯಾವ ಫಲಕ್ಕಾಗಿ ಎಂಬುದನ್ನು ಬಾಯಿಬಿಟ್ಟು ಹೇಳಿಕೊಂಡ ಮೇಲಲ್ಲವೆ ಕಾರ್ಯಾರಂಭ?

ಕಿಲ್‌ಪ್ಯಾಟ್ರಿಕ್ಕರ ಪ್ರಬಂಧವು ಅಚ್ಚಾದ ಆ ಸೆಪ್ಟೆಂಬರ್ ತಿಂಗಳಿನಲ್ಲಿಯೇ, 23ನೆಯ ತಾರೀಖಿನಂದು, ಮೈಸೂರು ಸಂಸ್ಥಾನದ ಅಶ್ವಪಡೆಯು ಪ್ಯಾಲೆಸ್ಟೈನ್ ದೇಶದ ಹೈಫಾ ನಗರದ ಎದುರಿನಲ್ಲಿ ನಿಂತಿತ್ತು. ಮಕ್ಕಳ ಯೋಜನೆಗೆ ಉದಾಹರಣೆಯಾಗಿ ಈ ಕಾಳಗವನ್ನೇ ತೆಗೆದುಕೊಳ್ಳೋಣ. ಏಕೆಂದರೆ ಕನ್ನಡ ನಾಡಿನ ಹುಡುಗನೊಬ್ಬನು ಮೊದಲನೆಯ ಮಹಾಯುದ್ಧದೊಳಕ್ಕೆ ಕಾಲಿಡಲು ಇದಕ್ಕಿಂತ ಪ್ರಶಸ್ತವಾದ ಬಾಗಿಲು ನನಗೆ ತೋರುವುದಿಲ್ಲ. ಒಂದು ಕಡೆ ಕಾರ್ಮೆಲ್ ಪರ್ವತದ ಕಡಿದಾದ ಇಳಿಜಾರು, ಇನ್ನೊಂದು ಕಡೆ ಕಿಶೋನ್ ನದಿಯ ಜೌಗು. ಇವೆರಡರ ನಡುವಣ ಇಕ್ಕಟ್ಟಿನಲ್ಲಿ ಊರಿಗೆ ಹೋಗುವ ರಸ್ತೆ ಮತ್ತು ರೈಲುಹಾದಿ. ಬೆಟ್ಟದ ಮೇಲೆ ತುರ್ಕರ ಫಿರಂಗಿಗಳು, ಕೆಳಗೆ ಮೆಷಿನ್‌ಗನ್ನುಗಳು. ಮೈಸೂರಿನ ಸವಾರರ ಒಂದು ತುಕಡಿಯು ಬ್ರಿಟಿಷ್ ಸವಾರರ ಜೊತೆಗೂಡಿ ಬೆಟ್ಟವನ್ನೇರಿ ಫಿರಂಗಿಗಳ ಮೇಲೆ ಬಿದ್ದಿತು. ಜೋಧಪುರದ ಸವಾರರು ನದಿಯನ್ನು ದಾಟಹೋಗಿ, ದಡದ ಕುಸಿಮರಳಿನಲ್ಲಿ ಕುದುರೆಗಳು ಹೂತುಹೋಗುವುದನ್ನು ಕಂಡು, ಎಡಕ್ಕೆ ಹೊರಳಿ ಇಳಿಜಾರಿನ ಮೆಷಿನ್‌ಗನ್ನುಗಳ ಮೇಲೆಯೇ ನುಗ್ಗಿದರು. ಅವರ ನಾಯಕನಾದ ಮೇಜರ್ ದಲಪತ್‌ಸಿಂಹನು ಮಡಿದನು. ಆ ದಿನವೇ ಊರು ಕೈವಶವಾಯಿತು. 1,350 ಮಂದಿ ಸೆರೆಸಿಕ್ಕಿದರು. 17 ಫಿರಂಗಿಗಳೂ 11 ಮೆಷಿನ್‌ಗನ್ನುಗಳೂ ದೊರೆತವು. ಗೆದ್ದವರ ಕಡೆಯಲ್ಲಿ ಸತ್ತವರು 8 ಮಂದಿ, ಗಾಯಗೊಂಡವರು 34 ಮಂದಿ. ಸತ್ತ ಕುದುರೆಗಳು 60, ಗಾಯಗೊಂಡವು 83.

ಈ ಕಾಳಗವನ್ನು ಆರಿಸಿಕೊಂಡ ವಿದ್ಯಾರ್ಥಿಯು ತನ್ನ ಪುಸ್ತಕದ ಮೊದಲನೆಯ ಪುಟದಲ್ಲಿ ‘ಮೈಸೂರು ಅಶ್ವಪಡೆಯ ಬಗ್ಗೆ ತಿಳಿದುಕೊಳ್ಳುವುದು’ ಎಂದು ಬರೆದನೆಂದಿಟ್ಟುಕೊಳ್ಳಿ. ಇದು ಗುರಿಯಲ್ಲ, ಶೀರ್ಷಿಕೆ. ಇದನ್ನು ಮುಟ್ಟಿದೆನೋ ಇಲ್ಲವೋ ಎಂದು ಹೇಳಲು ಅವನಿಗೆ ಯಾವ ಗುರುತೂ ಇಲ್ಲ. ಉಪಾಧ್ಯಾಯರಾದವರು ಅವನನ್ನು ಗದರಿಸದೆ, ಮೇಲಿನ ಅಂಕಿಗಳನ್ನು ಅವನ ಮುಂದಿಟ್ಟು, ‘ಇದರಲ್ಲಿ ನಿನಗೆ ವಿಚಿತ್ರವೆನಿಸಿದ್ದು ಯಾವುದಪ್ಪ?’ ಎಂದು ಕೇಳಿ ಸುಮ್ಮನಿದ್ದರೆ ಸಾಕು. ‘ಮನುಷ್ಯರು ಎಂಟು ಜನ ಸತ್ತಾಗ ಕುದುರೆಗಳು ಅರವತ್ತು ಸತ್ತದ್ದು ಹೇಗೆ ಸಾರ್?’ ಎಂದು ಹುಡುಗನು ಕೇಳಿದ ಕ್ಷಣದಲ್ಲಿಯೇ ಅವನ ಸ್ವಂತ ಗುರಿಯು ಹುಟ್ಟಿತು. ಇನ್ನು ಆ ಪ್ರಶ್ನೆಯೇ ಅವನ ಕೈಹಿಡಿದು ನಡೆಸುತ್ತದೆ. ನಾಗಾಲೋಟದ ಕುದುರೆಯು ನಿಮಿಷಕ್ಕೆ ಸುಮಾರು ಅರ್ಧ ಕಿಲೋಮೀಟರ್ ಓಡುವುದರಿಂದ ಗುಂಡಿನ ಮಳೆಯಲ್ಲಿ ಸವಾರನು ಇರಬೇಕಾದ ಹೊತ್ತು ಬಹಳ ಸ್ವಲ್ಪವೆಂಬುದು, ಎದುರಿನಿಂದ ಗುಂಡು ಹಾರಿಸುವವನಿಗೆ ಕುದುರೆಯ ಎದೆಯೇ ವಿಶಾಲವಾದ ಗುರಿಯಾಗಿ ಕುತ್ತಿಗೆಗೆ ಬಾಗಿದ ಸವಾರನು ಮರೆಯಾಗುವನೆಂಬುದು, ನದಿಯ ಕೆಸರೂ ಬೆಟ್ಟದ ಕಲ್ಲೂ ಯೋಧನ ಪ್ರಾಣವನ್ನು ನಿರ್ಣಯಿಸುವುವೆಂಬುದು ಅವನಿಗೆ ಒಂದೊಂದಾಗಿ ತೋರತೊಡಗುತ್ತವೆ; ಇವುಗಳಲ್ಲಿ ಯಾವುದು ಹೈಫಾದ ಮಟ್ಟಿಗೆ ಹೆಚ್ಚು ನಿಜವೆಂದು ಅವನು ನಕ್ಷೆಯನ್ನು ಎದುರಿಗೆ ಹರಡಿಕೊಂಡು ತೂಗಿನೋಡಬೇಕಾಗುತ್ತದೆ. ತುಮಕೂರಿನ ಕಡೆಯ ಹುಡುಗನಾದರೆ, ಟಿಪ್ಪುವಿನ ಕಾಲದಿಂದ ಕುದುರೆಗಳನ್ನು ಸಾಕಿದ ಕುಣಿಗಲ್ಲಿಗೂ ಈ ಪಡೆಗೂ ಸಂಬಂಧವಿತ್ತೆ ಎಂದು ವಿಚಾರಿಸಲು ಹೊರಟಾನು. ಹೊರಡಲಿ, ಅದೂ ಯೋಗ್ಯವಾದ ಪ್ರಶ್ನೆಯೆ.

ತಿಳಿಯಬೇಕಾದುದು ಒಂದಾದರೆ, ಮಾಡಲು ಬರಬೇಕಾದುದು ಇನ್ನೊಂದು. ಯುದ್ಧದ ಇತಿಹಾಸದಲ್ಲಿ ಈ ಎರಡನೆಯದಕ್ಕೆ ನಾನು ಹೆಚ್ಚಿನ ಬೆಲೆಯನ್ನು ಕಟ್ಟುತ್ತೇನೆ. ಏಕೆಂದರೆ ಯುದ್ಧದ ಬಗೆಗೆ ಹರಡುವಷ್ಟು ಉತ್ಪ್ರೇಕ್ಷೆಯು ಮತ್ತಾವುದರ ಬಗೆಗೂ ಹರಡುವುದಿಲ್ಲ. ಹೈಫಾವನ್ನೇ ನೋಡಿ: ಜಗತ್ತಿನ ಕಟ್ಟಕಡೆಯ ಅಶ್ವಾಕ್ರಮಣವಿದು, ಬರಿಯ ಈಟಿ ಕತ್ತಿಗಳಿಂದಲೇ ನಮ್ಮವರು ಫಿರಂಗಿಗಳನ್ನು ಗೆದ್ದರು ಎಂಬ ಮಾತುಗಳು ಫೋನಿನಿಂದ ಫೋನಿಗೆ ಹಾರುತ್ತಿರುತ್ತವೆ. ‘ಕೇಳಿದ ಒಂದು ಮಾತನ್ನು ಎರಡು ಬೇರೆಬೇರೆ ಆಧಾರಗಳೊಡನೆ ಒರೆಗೆ ಹಚ್ಚಿ, ನಿಜವೆಷ್ಟು ಎಂದು ನನ್ನ ಮಾತಿನಲ್ಲಿ ಬರೆಯುತ್ತೇನೆ’ ಎಂಬುದನ್ನು ಗುರಿಯಾಗಿಟ್ಟುಕೊಂಡ ವಿದ್ಯಾರ್ಥಿನಿಯು ಸ್ವಲ್ಪ ಹುಡುಕಿದೊಡನೆ, ಇದೇ ಮೈಸೂರು ಜೋಧಪುರಗಳ ಸವಾರರು ಇನ್ನೊಂದು ತಿಂಗಳ ತರುವಾಯ, 1918ರ ಅಕ್ಟೋಬರ್ 26ರಂದು, ಅಲೆಪ್ಪೊ ನಗರದ ಆಚೆ ಹರಿತಾನ್ ಎಂಬ ಗ್ರಾಮದ ಬಳಿ ಮತ್ತೊಮ್ಮೆ ಶತ್ರುವಿನ ಮೇಲೆ ಕುದುರೆಗಳನ್ನು ಹರಿಸಿದರೆಂಬುದನ್ನು ಕಾಣುವಳು. ಹೈಫಾದಲ್ಲಿ ನಮ್ಮವರ ಬೆಂಬಲಕ್ಕೆ ಬ್ರಿಟಿಷರದೊಂದು ಫಿರಂಗಿದಳವೂ ಇದ್ದಿತೆಂಬುದು ಅವಳಿಗೆ ತಿಳಿಯುವುದು. ಇದರಿಂದ ಆ ಸವಾರರ ಧೈರ್ಯಕ್ಕೆ ಎಳ್ಳಷ್ಟೂ ಕುಂದು ಬಾರದು. ಹರಿತಾನ್‌ನಲ್ಲಿ ಬಿದ್ದವರನ್ನು ನೆನೆದರೆ ನನ್ನ ಮನಸ್ಸು ಇನ್ನೂ ಭಾರವಾಗುತ್ತದೆ, ಏಕೆಂದರೆ ಅಲ್ಲಿಂದ ನಾಲ್ಕೇ ದಿನಕ್ಕೆ ತುರ್ಕಿಯೊಡನೆ ಕದನವಿರಾಮದ ಒಪ್ಪಂದವಾಯಿತು. ಆಧಾರಗಳಿಗೇನೂ ಬರವಿಲ್ಲ. ಬ್ರಿಟಿಷರ ಅಧಿಕೃತ ಯುದ್ಧೇತಿಹಾಸವುಂಟು, ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರವುಂಟು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕಶಿಲೆಯುಂಟು. ದೆಹಲಿಯಲ್ಲಿ ಹೈದರಾಬಾದು, ಜೋಧಪುರ, ಮೈಸೂರುಗಳ ಮೂವರು ಸವಾರರನ್ನು ಕಂಚಿನಲ್ಲಿ ಎರಕಹೊಯ್ದು 1922ರಲ್ಲಿ ನಿಲ್ಲಿಸಿದ ತೀನ್‌ಮೂರ್ತಿಯುಂಟು.

ಸ್ಮಾರಕಶಿಲೆಯ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಲ್ಲನ್ನು ಓದುವುದನ್ನು ಕಲಿಯುವುದೇ ಒಬ್ಬ ವಿದ್ಯಾರ್ಥಿಯ ಇಡೀ ಯೋಜನೆಯ ಗುರಿಯಾಗಬಹುದು. ಮತ್ತು ಅದಕ್ಕೆ ಕನ್ನಡ ನಾಡಿಗಿಂತ ಉತ್ತಮವಾದ ಪಾಠಶಾಲೆ ವಿರಳ. ನಮ್ಮ ಊರೂರಿನ ಕೆರೆಯ ಏರಿಯ ಮೇಲೂ ಗುಡಿಯ ಹಿಂದೆಯೂ ನಿಂತಿರುವ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ದೃಶ್ಯ, ಮೇಲೆ ಅವನು ಶಿವಸನ್ನಿಧಿಯಲ್ಲಿ ಕುಳಿತಿರುವ ದೃಶ್ಯ ಇರುತ್ತವೆ. ತುರುಗಳನ್ನು ಬಿಡಿಸಹೋಗಿ ಸತ್ತ ಸಾಧಾರಣ ಊರಿಗನ ಹೆಸರೂ ಎಷ್ಟೋ ಕಲ್ಲುಗಳಲ್ಲಿ ಸ್ಪಷ್ಟವಾಗಿ ಕೆತ್ತಲ್ಪಟ್ಟಿದೆ. ಬೆಂಗಳೂರೆಂಬ ಊರಿನ ಹೆಸರು ನಮಗೆ ದೊರೆತಿರುವ ಅತಿ ಪ್ರಾಚೀನ ದಾಖಲೆಯಾದ ಬೇಗೂರಿನ ಒಂಬತ್ತನೆಯ ಶತಮಾನದ ಶಾಸನವೂ ಒಂದು ಕಾಳಗದ ಸ್ಮರಣೆಯೇ ಅಲ್ಲವೆ? ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಬ್ರಿಟಿಷ್ ಸರ್ಕಾರವು ಭಾರತದ ಅನೇಕ ಗ್ರಾಮಗಳಲ್ಲಿ ನೆಡಿಸಿದ ಫಲಕಗಳಲ್ಲಾದರೋ ಇರುವುದು ಎರಡೇ ಅಂಕಿ: ಈ ಊರಿನಿಂದ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣಕೊಟ್ಟರು. ಹೆಸರಿಲ್ಲ. ಈ ಎರಡು ಬಗೆಯ ಕಲ್ಲುಗಳನ್ನು ಅಕ್ಕಪಕ್ಕದಲ್ಲಿಟ್ಟು, ಸಾವಿರ ವರ್ಷದ ಹಿಂದಿನ ಊರಿನವರು ತಮ್ಮವನ ಹೆಸರನ್ನು ಉಳಿಸಿಕೊಂಡರು, ನೂರು ವರ್ಷದ ಹಿಂದಿನ ಸಾಮ್ರಾಜ್ಯವು ಅವನ ಸಂಖ್ಯೆಯನ್ನು ಮಾತ್ರ ಉಳಿಸಿಕೊಂಡಿತು, ಏತಕ್ಕೆ? ಎಂದು ಕೇಳಿಕೊಂಡ ಹುಡುಗಿಯ ಇಪ್ಪತ್ತು ಸಾಲಿನ ಬರಹವು ಚಿತ್ರಪಟಗಳಿಂದ ತುಂಬಿದ ನಾಲ್ಕು ಚಾರ್ಟುಗಳಿಗಿಂತ ಮೇಲೆಂದು ಎಣಿಸಬೇಕು.

ಮೂರನೆಯದಾಗಿ ಒಂದು ಸೂಕ್ಷ್ಮವಾದ ಗುರಿಯಿದೆ. ಅದು ತನ್ನ ತೀರ್ಮಾನಗಳ ಮೇಲೆ ತಾನೇ ಕಾವಲಿರುವ ಅಭ್ಯಾಸ. ಯುದ್ಧವು ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿಗಳನ್ನು ಕೊಟ್ಟರು. ಭಾರತದಿಂದ ಒಟ್ಟು 13 ಲಕ್ಷದಷ್ಟು ಜನರು ಸೇವೆಗೆ ಹೊರಟು, 74 ಸಾವಿರದಷ್ಟು ಮಂದಿ ಹಿಂದಿರುಗಲೇ ಇಲ್ಲ. ಯುದ್ಧ ಮುಗಿದು ವರ್ಷ ತುಂಬುವ ಮುನ್ನವೇ ಬ್ರಿಟಿಷ್ ಸಾಮ್ರಾಜ್ಯದ ಸೇನಾಪತಿಯೊಬ್ಬನು ಅಮೃತಸರದ ಜಲಿಯನ್‌ವಾಲಾಬಾಗಿನಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿಸಿದನು. ಹಾಗಾದರೆ ಹೈಫಾದ ಗೆಲುವು ಯಾರ ಗೆಲುವು? ಹೆಮ್ಮೆಪಡಬೇಕೆ, ಮರುಗಬೇಕೆ? ಹದಿನಾಲ್ಕರ ಬಾಲಕನು ಇದಕ್ಕೆ ಉತ್ತರವನ್ನು ಕೊಡಲೇಬೇಕೆಂದು ನಾನು ಹೇಳಲಾರೆ. ‘ಈ ಪ್ರಶ್ನೆಗೆ ಒಪ್ಪತಕ್ಕ ಎರಡು ಉತ್ತರಗಳನ್ನು ಆಯಾ ಪಕ್ಷದವರು ಒಪ್ಪುವಷ್ಟು ನ್ಯಾಯವಾಗಿ ಬರೆಯುವುದನ್ನು ಕಲಿಯುತ್ತೇನೆ’ ಎಂದು ಅವನು ಸಂಕಲ್ಪಿಸಿದರೆ, ಅದು ಅವನ ವಯಸ್ಸಿಗೆ ತಕ್ಕುದಾಗಿಯೂ ಅವನನ್ನು ಬೆಳೆಸುವಂತಹುದಾಗಿಯೂ ಇರುತ್ತದೆ.

ಎರಡನೆಯ ಮಹಾಯುದ್ಧವನ್ನು ಆರಿಸಿಕೊಂಡವರಿಗೆ ಇನ್ನೊಂದು ಸೌಲಭ್ಯವುಂಟು. ಅದರ ನೆನಪುಳ್ಳ ವೃದ್ಧರು ಕೆಲವು ಮನೆಗಳಲ್ಲಾದರೂ ಇನ್ನೂ ಇದ್ದಾರೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದ್ದು, 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆದದ್ದು, ಜಾಲಹಳ್ಳಿಯ ಕಡೆ ಇಟಲಿಯ ಯುದ್ಧಕೈದಿಗಳನ್ನು ಇರಿಸಿದ್ದು, 1942ರ ಏಪ್ರಿಲ್ 6ರಂದು ಜಪಾನೀಯರು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದ್ದು, ಇವೆಲ್ಲವೂ ಪುಸ್ತಕಗಳಲ್ಲಿ ಸಿಕ್ಕುವ ಸಂಗತಿಗಳು. ಪುಸ್ತಕದಲ್ಲಿ ಸಿಕ್ಕದುದನ್ನು ಮುತ್ತಜ್ಜಿಯ ಬಳಿ ಕುಳಿತು ಕೇಳಬೇಕು. ಆದರೆ ‘ಯುದ್ಧದ ಬಗ್ಗೆ ಹೇಳಿ’ ಎಂದರೆ ಆಕೆ ‘ನನಗೇನು ಗೊತ್ತಪ್ಪ, ನಾನಾಗ ಚಿಕ್ಕವಳು’ ಎಂದು ಸುಮ್ಮನಾಗುತ್ತಾಳೆ. ‘ಅಜ್ಜಿ, ಆಗ ನಿಮ್ಮ ಮನೆಗೆ ಸೀಮೆಎಣ್ಣೆ ಹೇಗೆ ಬರುತ್ತಿತ್ತು? ರೇಷನ್ನಿನಲ್ಲಿ ಅಕ್ಕಿ ಎಷ್ಟು ಕೊಡುತ್ತಿದ್ದರು? ಸಾಲದೆ ಬಂದರೆ ಏನು ಮಾಡುತ್ತಿದ್ದಿರಿ?’ ಎಂದರೆ ಮಾತು ತಾನಾಗಿ ಹರಿಯುತ್ತದೆ. ಹೀಗೆ ಕೇಳುವ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು, ಆಕೆ ದಣಿದಾಗ ನಿಲ್ಲಿಸುವುದು, ಬರೆದುಕೊಂಡದ್ದನ್ನು ಆಕೆಗೆ ಓದಿಹೇಳಿ ಒಪ್ಪಿಗೆ ಪಡೆಯುವುದು, ಇವೂ ಕಲಿಯತಕ್ಕ ವಿದ್ಯೆಗಳೇ.

ಗುರಿಗಳು ಎಷ್ಟಿರಬೇಕು? ಒಂದು ತಿಂಗಳ ಕೆಲಸಕ್ಕೆ ಎರಡು, ಹೆಚ್ಚೆಂದರೆ ಮೂರು ಸಾಕು. ಅವು ಉಪಾಧ್ಯಾಯರ ಭಾಷೆಯಲ್ಲಿ ಇರದೆ ಮಗುವಿನ ಭಾಷೆಯಲ್ಲಿಯೇ ಇರಲಿ. ತಂದೆತಾಯಿಗಳು ತಿದ್ದಿ ಚಂದಮಾಡಲು ಹೋಗಬಾರದು, ಏಕೆಂದರೆ ಅವರು ತಿದ್ದಿದ ಗುರಿಯು ಆಗಲೇ ಅವರದಾಗಿಬಿಡುತ್ತದೆ. ಹದಿನೈದು ದಿನಗಳಾದ ಮೇಲೆ ಆ ಪುಟವನ್ನು ಮತ್ತೆ ತೆರೆದು ನೋಡಲಿ. ಕುದುರೆಗಳನ್ನು ಹುಡುಕಹೊರಟವನಿಗೆ ಕುದುರೆಗಳಿಗೆ ಮೇವುಹಾಕಿ ಮೈತಿಕ್ಕುತ್ತಿದ್ದ ಕುದುರೆಯಾಳುಗಳ ಮೇಲೆ ಆಸಕ್ತಿ ಹುಟ್ಟಿದ್ದರೆ, ಗುರಿಯನ್ನು ಬದಲಿಸಿಕೊಳ್ಳಲು ಅವನಿಗೆ ಪೂರ್ಣ ಸ್ವಾತಂತ್ರ್ಯವಿರಲಿ. ಆದರೆ ಹಳೆಯ ಗುರಿಯನ್ನು ಅಳಿಸದೆ, ಅದರ ಕೆಳಗೆಯೇ ತಾರೀಖು ಹಾಕಿ ಹೊಸದನ್ನು ಬರೆದು, ಬದಲಿಸಿದ ಕಾರಣವನ್ನು ಒಂದು ವಾಕ್ಯದಲ್ಲಿ ಸೇರಿಸಬೇಕು. ಕೊನೆಯ ಪುಟದಲ್ಲಿ, ಮುಟ್ಟಿದ ಗುರಿಯನ್ನು ಯಾವುದರಿಂದ ಮುಟ್ಟಿದೆನೆಂದೂ, ಮುಟ್ಟದ ಗುರಿಯು ಯಾವ ದಾಖಲೆ ದೊರೆಯದೆ ನಿಂತಿತೆಂದೂ ಬರೆಯಲಿ. ಉಪಾಧ್ಯಾಯರು ಅಂಕ ಹಾಕುವಾಗ ಮೊದಲನೆಯ ಪುಟವನ್ನೂ ಈ ಕೊನೆಯ ಪುಟವನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಓದಿ, ನಡುವಣ ಚಿತ್ರಗಳನ್ನು ಆಮೇಲೆ ನೋಡಬಹುದು.