ತತ್ತಿಯನ್ನು ಎಚ್ಚರಿಸುವ ಸುಣ್ಣದ ಅಲೆ

ಎಲೆಯಡಿಕೆಗೆ ಸವರುವ ಸುಣ್ಣ, ಕೋಳಿಮೊಟ್ಟೆಯ ಚಿಪ್ಪು, ನಮ್ಮ ಮೈಯೊಳಗಿನ ಎಲುಬು—ಇವೆಲ್ಲಕ್ಕೂ ಆಧಾರವಾದ ಮೂಲಧಾತು ಕ್ಯಾಲ್ಸಿಯಂ ಎಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಪ್ರಾಣಿಯ ತತ್ತಿಯನ್ನು ನಿದ್ರೆಯಿಂದ ಎಬ್ಬಿಸಿ, ಜೀವವಿಕಾಸಕ್ಕೆ ಅಣಿಗೊಳಿಸುವುದೂ ಇದೇ ಧಾತುವೆಂಬುದು ಅನೇಕರಿಗೆ ತಿಳಿದಿರಲಾರದು.

ಪಕ್ವವಾದ ತತ್ತಿಯು ವಿಚಿತ್ರ ಸ್ಥಿತಿಯಲ್ಲಿರುವ ಜೀವಕೋಶ. ಮುಂದಿನ ಬೆಳವಣಿಗೆಗೆ ಬೇಕಾದ ಸಾಮಗ್ರಿಯೆಲ್ಲವೂ ಅದರಲ್ಲಿ ಸಿದ್ಧವಾಗಿರುತ್ತದೆ. ಆದರೂ ಅದು ಸುಮ್ಮನೆ ಕಾದಿರುತ್ತದೆ. ರೇತಾಣುವು ಬಂದು ಕೂಡದಿದ್ದರೆ ತತ್ತಿಗೆ ಸಾವೇ ಗತಿ. ಮನುಷ್ಯರ ಅಂಡಕ್ಕಂತೂ ಇರುವ ಅವಧಿ ಸುಮಾರು ಒಂದು ದಿನ ಮಾತ್ರ. ಹಾಗಾದರೆ ರೇತಾಣುವು ತರುವ ಕರೆ ಯಾವುದು?

ಮೈತುಂಬ ಮುಳ್ಳುಗಳಿರುವ ಸೀ ಅರ್ಚಿನ್ ಎಂಬ ಕಡಲ ಪ್ರಾಣಿಯ ತತ್ತಿಯಲ್ಲಿ ಎರಡು ಕೋಶಕೇಂದ್ರಗಳು ಒಂದುಗೂಡುವುದನ್ನು ಜರ್ಮನಿಯ ಆಸ್ಕರ್ ಹರ್ಟ್‌ವಿಗ್ 1876ರಲ್ಲಿ ವರ್ಣಿಸಿದನು. 1899ರಲ್ಲಿ ಜಾಕ್ ಲೋಯ್ಬ್ ಎಂಬ ವಿಜ್ಞಾನಿಯು ಅದೇ ಪ್ರಾಣಿಯ ತತ್ತಿಗಳನ್ನು, ಲವಣಗಳ ಪ್ರಮಾಣವನ್ನು ಬದಲಿಸಿದ ಕಡಲನೀರಿನಲ್ಲಿ ಕೆಲಕಾಲ ಇರಿಸಲು, ರೇತಾಣುವಿಲ್ಲದೆಯೇ ಅವು ಮರಿಗಳಾಗಿ ಬೆಳೆಯತೊಡಗಿದವು! 1910ರಲ್ಲಿ ಫ್ರಾನ್ಸಿನ ಬತಾಯ್ಯೊ ಎಂಬಾತನು ಕಪ್ಪೆಯ ತತ್ತಿಯನ್ನು ಸೂಜಿಯಿಂದ ಚುಚ್ಚಿಯೇ ಎಚ್ಚರಿಸಿದನು. ಇದರಿಂದ ಒಂದು ಸಂಗತಿ ಸ್ಪಷ್ಟವಾಯಿತು: ಎಚ್ಚರಗೊಳ್ಳುವ ಯಂತ್ರವು ತತ್ತಿಯೊಳಗೇ ಇದೆ, ರೇತಾಣುವು ಅದರ ಬೀಗವನ್ನು ತೆರೆಯುತ್ತದೆ, ಅಷ್ಟೆ.

ಆ ಯಂತ್ರದ ಗುಟ್ಟು ಕ್ಯಾಲ್ಸಿಯಮ್ಮಿನಲ್ಲಿ ಅಡಗಿತ್ತು. ಕಡಲನೀರಿನಲ್ಲಿರುವ ಕ್ಯಾಲ್ಸಿಯಮ್ಮಿಗೆ ಹೋಲಿಸಿದರೆ ಜೀವಕೋಶದ ದ್ರವದಲ್ಲಿ ಬಿಡಿಯಾಗಿರುವುದು ಸುಮಾರು ಲಕ್ಷದಲ್ಲೊಂದು ಪಾಲು. ಕೋಶವು ಅದನ್ನು ಎಡೆಬಿಡದೆ ಹೊರಕ್ಕೆ ತಳ್ಳುತ್ತಿರುತ್ತದೆ. ಇಲ್ಲವೆ ತನ್ನೊಳಗಿನ ಸೂಕ್ಷ್ಮವಾದ ಚೀಲಗಳಲ್ಲಿ ಕೂಡಿಡುತ್ತದೆ. ಮೌನವಾದ ಮನೆಯಲ್ಲಿ ಸಣ್ಣ ಸದ್ದೂ ಕೇಳಿಸುವಂತೆ, ಇಂಥ ಕೋಶದಲ್ಲಿ ಸ್ವಲ್ಪವೇ ಕ್ಯಾಲ್ಸಿಯಂ ಬಿಡುಗಡೆಯಾದರೂ ಅದು ಸ್ಪಷ್ಟವಾದ ಸಂಕೇತವಾಗುತ್ತದೆ.

ಈ ಸಂಕೇತವನ್ನು ಕಣ್ಣಿಗೆ ಕಾಣಿಸಿಕೊಟ್ಟುದು ಒಂದು ಲೋಳೆಮೀನು. ಅದರಿಂದ 1962ರಲ್ಲಿ ಶಿಮೊಮುರಾ ಮತ್ತು ಸಂಗಡಿಗರು ಬೇರ್ಪಡಿಸಿದ ಎಕ್ವೊರಿನ್ ಎಂಬ ಪ್ರೋಟೀನು, ಕ್ಯಾಲ್ಸಿಯಂ ತಗುಲಿದೊಡನೆ ನೀಲಿಬೆಳಕನ್ನು ಬೀರುತ್ತದೆ. 1977–78ರಲ್ಲಿ ರಿಜ್‌ವೇ, ಗಿಲ್ಕಿ, ಜಾಫೆ ಮೊದಲಾದವರು ಜಪಾನಿನ ಮೆಡಾಕಾ ಎಂಬ ಕಿರುಮೀನಿನ ತತ್ತಿಗಳಿಗೆ ಇದನ್ನು ಸೇರಿಸಿ ಪರೀಕ್ಷಿಸಿದರು. ರೇತಾಣುವು ಹೊಕ್ಕ ಎಡೆಯಲ್ಲಿ ಮೊದಲು ಬೆಳಕು ಮೂಡಿತು. ಅಲೆಯಂತೆ ಹರಡುತ್ತ, ಕೆಲವೇ ನಿಮಿಷಗಳಲ್ಲಿ ತತ್ತಿಯ ಇನ್ನೊಂದು ತುದಿಯನ್ನು ಮುಟ್ಟಿ ಆರಿಹೋಯಿತು.

ಅಲೆಯು ಮುಂದುವರಿಯುವುದು ಹೇಗೆ? ಪಟಾಕಿಯ ಸರವನ್ನು ನೆನೆಯಿರಿ. ಒಂದು ಸಿಡಿದರೆ ಅದರ ಕಿಡಿಯು ಪಕ್ಕದ್ದಕ್ಕೆ ತಗುಲುತ್ತದೆ. ಹಾಗೆಯೇ ಒಂದು ಚೀಲದಿಂದ ಹೊರಬಿದ್ದ ಕ್ಯಾಲ್ಸಿಯಂ, ನೆರೆಯ ಚೀಲವು ತೆರೆದುಕೊಳ್ಳಲು ಕಾರಣವಾಗುತ್ತದೆ. ಸರ ಮುಗಿದ ಮೇಲೆ ಕೋಶವು ಕ್ಯಾಲ್ಸಿಯಮ್ಮನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ.

ಅಲೆಯು ಹಾದುಹೋದಂತೆಲ್ಲ ಸೀ ಅರ್ಚಿನ್ನಿನ ತತ್ತಿಯ ಅಂಚಿನಲ್ಲಿರುವ ಸಣ್ಣ ಕಣಗಳು ಒಡೆದು, ತತ್ತಿಯ ಹೊರಪೊರೆಯು ಮೇಲೆದ್ದು ಗಟ್ಟಿಯಾಗುತ್ತದೆ. ಮತ್ತೊಂದು ರೇತಾಣುವಿಗೆ ಅಲ್ಲಿ ಪ್ರವೇಶವಿಲ್ಲ. ಎರಡು ರೇತಾಣುಗಳು ಹೊಕ್ಕರೆ ವರ್ಣತಂತುಗಳ ಲೆಕ್ಕ ತಪ್ಪಿ ಭ್ರೂಣವು ಕೆಡುವುದರಿಂದ, ಈ ಬಾಗಿಲು ಮುಚ್ಚುವ ಕಾರ್ಯ ಪ್ರಾಣರಕ್ಷಕವಾದುದು. ಅನಂತರ ಕೋಶವಿಭಜನೆಗೆ ಹಾದಿಯಾಗುತ್ತದೆ. 1974ರಲ್ಲಿ ಸ್ಟೈನ್‌ಹಾರ್ಟ್ ಮತ್ತು ಎಪೆಲ್ ಎಂಬವರು, ಕ್ಯಾಲ್ಸಿಯಮ್ಮನ್ನು ಪೊರೆಗಳಾಚೆ ಸಾಗಿಸುವ ಔಷಧವೊಂದರಿಂದಲೇ ತತ್ತಿಯನ್ನು ಎಚ್ಚರಿಸಿ, ಕ್ಯಾಲ್ಸಿಯಮ್ಮಿನ ಪಾತ್ರವನ್ನು ದೃಢಪಡಿಸಿದರು.

ಸಸ್ತನಿಗಳಲ್ಲಿ ಅಲೆ ಒಂದೇ ಅಲ್ಲ. ಗಂಟೆಗಟ್ಟಲೆ ಮತ್ತೆ ಮತ್ತೆ ಏಳುತ್ತದೆ. ಇವನ್ನು ಎಬ್ಬಿಸುವ, ರೇತಾಣುವು ಹೊತ್ತು ತರುವ ಪ್ರೋಟೀನೊಂದನ್ನು 2002ರಲ್ಲಿ ಗುರುತಿಸಲಾಯಿತು. ಪಿ.ಎಲ್.ಸಿ. ಜೀಟಾ ಎಂಬುದು ಅದರ ಹೆಸರು.

ಇದು ಕೇವಲ ಕುತೂಹಲದ ವಿಷಯವಲ್ಲ. ಒಂದೇ ರೇತಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ಚಿಕಿತ್ಸೆಯಿಂದ ಮಕ್ಕಳು ಜನಿಸಿದ ವಾರ್ತೆಯು 1992ರಲ್ಲಿ ಪ್ರಕಟವಾಯಿತು. ಆದರೆ ಕೆಲವು ದಂಪತಿಗಳಲ್ಲಿ ರೇತಾಣುವು ಒಳಸೇರಿದರೂ ಅಂಡವು ಏಳುವುದೇ ಇಲ್ಲ. ಅಂಥ ಕೆಲವು ಪುರುಷರ ರೇತಾಣುಗಳಲ್ಲಿ ಆ ಪ್ರೋಟೀನು ಇಲ್ಲದಿರುವುದು, ಇಲ್ಲವೆ ಕೆಟ್ಟಿರುವುದು ಕಂಡುಬಂದಿದೆ. ಈಗ ವೈದ್ಯರು ಆಯ್ದ ಸಂದರ್ಭಗಳಲ್ಲಿ, 1974ರ ಪ್ರಯೋಗದಲ್ಲಿ ಬಳಸಿದಂಥ ಔಷಧದಿಂದಲೇ ಅಂಡದಲ್ಲಿ ಕ್ಯಾಲ್ಸಿಯಮ್ಮನ್ನು ಏರಿಸುತ್ತಾರೆ. ಹೀಗೆ ಮಕ್ಕಳು ಹುಟ್ಟಿದ್ದೂ ಉಂಟು. ಎಲ್ಲ ಬಂಜೆತನಕ್ಕೂ ಇದು ಮದ್ದಲ್ಲ. ಅಂಡವು ಎಚ್ಚರಗೊಳ್ಳದಿರುವುದೇ ತೊಡಕಾಗಿರುವಲ್ಲಿ ಮಾತ್ರ ಇದರ ಉಪಯೋಗ.

ಕಡಲ ತೀರದಲ್ಲಿ ಮುಳ್ಳುಪ್ರಾಣಿಯ ತತ್ತಿಗಳನ್ನು ಉಪ್ಪುನೀರಿನಲ್ಲಿಟ್ಟು ನೋಡಿದ ಲೋಯ್ಬನ ಮನಸ್ಸಿನಲ್ಲಿ ಇಂಥ ಚಿಕಿತ್ಸೆಯ ಯೋಚನೆ ಇದ್ದಿರಲಾರದು. ತಿಳಿಯಬೇಕೆಂಬ ಹಂಬಲದಿಂದ ಕೇಳಿದ ಪ್ರಶ್ನೆಯೊಂದು, ಶತಮಾನದ ತರುವಾಯ ಯಾರದೋ ಮನೆಯಲ್ಲಿ ತೊಟ್ಟಿಲನ್ನು ತೂಗಿಸಿತು.